ಒಂದೇ ಹೊಳ್ಳೆಯ ಉಸಿರು

(ಗಂಗಾವತಿಯ ಪ್ರೌಢಶಾಲೆಯೊಂದರ ಪಾಲಕರ ಸಭೆಯಲ್ಲಿ ಆಡಿದ ಮಾತು. ಆಮೇಲೆ ಕೂತು ಬರೆದದ್ದು.)

ಎಲ್ಲರಿಗೂ ನಮಸ್ಕಾರ. ನಾನು ಡಾಕ್ಟರ್ ಅಲ್ಲ, ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುವವಳು. ನನ್ನ ಮಗಳಿಗೆ 16ನೇ ವಯಸ್ಸಿನಲ್ಲಿ ಮೂಗಿನ ಸೊಟ್ಟ ನಡುಗೋಡೆಯನ್ನು ನೆಟ್ಟಗೆ ಮಾಡುವ ಆಪರೇಷನ್ ಆಯಿತು. ಅದಕ್ಕೂ ಮುಂಚೆ ನಾಲ್ಕು ವರ್ಷ ನಾವು ಏನೇನೋ ಮಾಡಿದೆವು. ಅದರಲ್ಲಿ ಅರ್ಧ ತಪ್ಪು. ನಿಮ್ಮ ಮಕ್ಕಳಿಗೆ ಆ ಅರ್ಧ ಬೇಡ ಅಂತ ಇವತ್ತು ಇಲ್ಲಿ ನಿಂತಿದ್ದೇನೆ.

ಮಾತು ಶುರು ಮಾಡುವ ಮುಂಚೆ ಒಂದು ಸಣ್ಣ ಕೆಲಸ. ಬಲಗಡೆ ಹೊಳ್ಳೆಯನ್ನು ಬೆರಳಿನಿಂದ ಮೆಲ್ಲಗೆ ಮುಚ್ಚಿ, ಎಡಗಡೆಯಿಂದ ಉಸಿರು ಎಳೆಯಿರಿ. ಈಗ ಎಡಗಡೆ ಮುಚ್ಚಿ, ಬಲಗಡೆಯಿಂದ. ಒಂದು ಕಡೆ ಸ್ವಲ್ಪ ಬಿಗಿ ಅನಿಸ್ತು ಅಲ್ವಾ? ಗಾಬರಿ ಬೇಡ. ಮೂಗಿನ ಒಳಪದರ ಒಂದು ಕಡೆ ಉಬ್ಬುತ್ತದೆ, ಇನ್ನೊಂದು ಕಡೆ ಇಳಿಯುತ್ತದೆ. ಕೆಲವು ತಾಸು ಕಳೆದ ಮೇಲೆ ಪಾಳಿ ಬದಲಾಗುತ್ತದೆ. ಇದನ್ನೇ ನಮ್ಮ ಹಿರಿಯರು ಸೂರ್ಯಸ್ವರ, ಚಂದ್ರಸ್ವರ ಅಂದರು. 1895ರಲ್ಲಿ ಕೈಸರ್ ಎಂಬ ಜರ್ಮನ್ ವೈದ್ಯರು ಇದನ್ನು ವೈದ್ಯಕೀಯದ ಮಾತಿನಲ್ಲಿ ಬರೆದರು. ಮಗುವಿನ ಮೂಗು ಪಾಳಿ ಬದಲಿಸುತ್ತಿದ್ದರೆ ಅಷ್ಟಾಗಿ ಚಿಂತೆ ಇಲ್ಲ.

ನಮ್ಮ ಮಗಳಿಗೆ ಪಾಳಿಯೇ ಇರಲಿಲ್ಲ. ಬೆಳಿಗ್ಗೆ ಕೇಳಿದರೂ ಎಡಗಡೆ ಕಟ್ಟಿದೆ, ರಾತ್ರಿ ಕೇಳಿದರೂ ಎಡಗಡೆಯೇ.

ಏಳನೇ ಕ್ಲಾಸಿನಲ್ಲಿ ಖೋಖೋ ಆಡುವಾಗ ಇನ್ನೊಬ್ಬ ಹುಡುಗಿಯ ಮೊಣಕೈ ಮೂಗಿಗೆ ಬಡಿದಿತ್ತು. ರಕ್ತ ಬಂತು, ನಿಂತಿತು. ಹೊರಗಿನಿಂದ ಮೂಗು ಚೆನ್ನಾಗೇ ಇತ್ತು. ಅಲ್ಲಿಗೆ ನಾವು ಮರೆತೆವು. ವರ್ಷ ಕಳೆದ ಮೇಲೆ ನಮ್ಮ ಅತ್ತೆಯವರೇ ಮೊದಲು ಗಮನಿಸಿದ್ದು. "ಏನವಾ, ಹುಡುಗಿ ಬಾಯಿ ತೆರಕೊಂಡು ಮಲಗ್ತಾಳ. ಮೂಗಿನ್ಯಾಗ ದುರ್ಮಾಂಸ ಬೆಳದೈತಿ ನೋಡು" ಅಂದರು.

ಈ ದುರ್ಮಾಂಸ ಅನ್ನುವ ಮಾತು ನಮ್ಮ ಕಡೆ ಎಲ್ಲ ಮೂಗಿಗೂ ಸಲ್ಲುತ್ತದೆ. ಮೂಗು ಕಟ್ಟಿತು ಅಂದರೆ ದುರ್ಮಾಂಸ, ಇಲ್ಲವೇ "ಎಲುಬು ಬೆಳೆದಿದೆ". ಆದರೆ ಒಳಗೆ ಬೇರೆ ಬೇರೆ ಸಂಗತಿಗಳಿರುತ್ತವೆ. ಚಿಕ್ಕ ಮಕ್ಕಳು ಬಾಯಿಯಿಂದ ಉಸಿರಾಡಿದರೆ ಹೆಚ್ಚಾಗಿ ಮೂಗಿನ ಹಿಂದಿರುವ ಅಡಿನಾಯ್ಡ್ ಗಂಟು ಕಾರಣ. ಅದು ಹದಿಹರೆಯಕ್ಕೆ ಬರುವ ಹೊತ್ತಿಗೆ ತಾನಾಗೇ ಸಣ್ಣದಾಗುತ್ತದೆ. ಪಾಲಿಪ್ ಅಂದರೆ ಒಳಪದರದಿಂದ ದ್ರಾಕ್ಷಿಯ ಹಾಗೆ ಇಳಿಬೀಳುವ ಗಡ್ಡೆ. ಟರ್ಬಿನೇಟ್ ಅಂತ ಮೂಗಿನ ಪಕ್ಕದ ಗೋಡೆಯಲ್ಲಿ ಎಲ್ಲರಿಗೂ ಇರುವ ಮಡಿಕೆಗಳಿವೆ. ಅಲರ್ಜಿಯಾದರೆ ಅವು ಊದುತ್ತವೆ. ಟಾರ್ಚ್ ಬಿಟ್ಟು ನೋಡಿದ ಎಷ್ಟೋ ತಂದೆ ತಾಯಿ ಅದನ್ನೇ ಗಡ್ಡೆ ಅಂದುಕೊಂಡು ಹೆದರುತ್ತಾರೆ. ನಾನೂ ಹೆದರಿದ್ದೆ.

ಇವತ್ತಿನ ವಿಷಯ ನಡುಗೋಡೆಯದು. ಎರಡು ಹೊಳ್ಳೆಗಳ ನಡುವೆ ಒಂದು ಗೋಡೆ ಇದೆ. ಮುಂದಿನ ಭಾಗ ಮೆದು ಎಲುಬು, ಕಿವಿಯ ಮೇಲ್ಭಾಗದ ಹಾಗೆ ಬಾಗುತ್ತದೆ. ಹಿಂದಿನ ಭಾಗ ಗಟ್ಟಿ ಮೂಳೆ. ಡಾಕ್ಟರುಗಳು ಚೀಟಿಯಲ್ಲಿ ಡಿಎನ್‌ಎಸ್ ಅಂತ ಬರೆಯುತ್ತಾರಲ್ಲ, ಅದು ಈ ಗೋಡೆ ಸೊಟ್ಟ ಇದೆ ಅಂತ. ಬೆಳೆದಿರುವುದಿಲ್ಲ, ವಾಲಿರುತ್ತದೆ. ಹೆಚ್ಚಿನ ಜನರ ಗೋಡೆ ಒಂದಿಷ್ಟು ಸೊಟ್ಟವೇ. ಇಲ್ಲಿ ಕೂತಿರುವ ನಮ್ಮಲ್ಲೂ ಎಷ್ಟೋ ಜನರದು ಹಾಗೇ ಇರುತ್ತದೆ. ಆದ್ದರಿಂದ ಸ್ಕ್ಯಾನ್ ರಿಪೋರ್ಟಿನಲ್ಲಿ ಡಿಎನ್‌ಎಸ್ ಅಂತ ಕಂಡ ಕೂಡಲೇ ಆಪರೇಷನ್ ಅಂತ ಅರ್ಥ ಅಲ್ಲ. ಮಗುವಿಗೆ ಅದರಿಂದ ಎಷ್ಟು ಕಷ್ಟ ಆಗ್ತಿದೆ ಅನ್ನುವುದು ಮುಖ್ಯ.

ನಮ್ಮ ಮೊದಲ ತಪ್ಪು ಹೇಳುತ್ತೇನೆ. ಡಾಕ್ಟರ ಹತ್ತಿರ ಹೋಗಲಿಲ್ಲ. ಔಷಧಿ ಅಂಗಡಿಯಲ್ಲಿ ಕೇಳಿ ಮೂಗು ಬಿಡಿಸುವ ಡ್ರಾಪ್ಸ್ ತಂದೆವು. ಎರಡು ಹನಿ ಹಾಕಿದರೆ ಐದು ನಿಮಿಷದಲ್ಲಿ ಮೂಗು ಖುಲ್ಲ. ಮಗಳಿಗೆ ಖುಷಿ, ನಮಗೂ ಸಮಾಧಾನ. ಆ ಬಾಟಲಿಯನ್ನು ನಾಲ್ಕು ತಿಂಗಳು ಹಾಕಿದಳು. ಬರಬರುತ್ತಾ ರಾತ್ರಿ ಎರಡು ಸಲ ಏಳಬೇಕಾಯಿತು. ಹನಿ ಇಲ್ಲದಿದ್ದರೆ ಎರಡೂ ಕಡೆ ಗಚ್ಚಿ ಮೆತ್ತಿದ ಹಾಗೆ. ಆಕ್ಸಿಮೆಟಾಜೋಲಿನ್, ಜೈಲೋಮೆಟಾಜೋಲಿನ್ ಜಾತಿಯ ಹನಿಗಳನ್ನು ನಾಲ್ಕೈದು ದಿನಕ್ಕಿಂತ ಜಾಸ್ತಿ ಹಾಕಬಾರದು. ಹಾಕಿದರೆ ಒಳಪದರ ಹನಿಗೆ ಒಗ್ಗಿಕೊಳ್ಳುತ್ತದೆ. ಬಿಟ್ಟ ತಕ್ಷಣ ಮೊದಲಿಗಿಂತ ಜಾಸ್ತಿ ಊದುತ್ತದೆ. ಅಂಗಡಿಯವರು ಹೇಳಲಿಲ್ಲ, ನಾವೂ ಡಬ್ಬಿಯ ಮೇಲಿದ್ದದ್ದನ್ನು ಓದಲಿಲ್ಲ. ಮನೆಗೆ ಹೋಗಿ ನಿಮ್ಮ ಮಕ್ಕಳ ದಿಂಬಿನ ಹತ್ತಿರ ಅಂಥ ಬಾಟಲಿ ಇದೆಯಾ ನೋಡಿ.

ಇನ್ನು ಧೂಳು. ನಮ್ಮ ಮನೆ ರೈಸ್ ಮಿಲ್ಲಿನ ಹಿಂದೆ. ಭತ್ತ ಬೇಯಿಸುವ ಬಾಯ್ಲರಿಗೆ ಹೊಟ್ಟು ಉರಿಸುತ್ತಾರೆ. ಗಾಳಿ ನಮ್ಮ ಕಡೆ ತಿರುಗಿತು ಅಂದರೆ ಮಾಳಿಗೆಯ ಮೇಲೆ ಒಣಹಾಕಿದ ಬಿಳಿ ಸಮವಸ್ತ್ರದ ಮೇಲೆ ಕರಿ ಬೂದಿ. ಕೊಡವಿದರೆ ಗೆರೆ ಬೀಳುತ್ತದೆ, ಊದಿಯೇ ತೆಗೆಯಬೇಕು. ಗಂಗಾವತಿ, ಸಿಂಧನೂರು, ಮಾನ್ವಿಯವರಿಗೆ ಇದು ಗೊತ್ತು. ಗಿಣಿಗೇರಿ, ತೋರಣಗಲ್ಲು ಕಡೆಯವರಿಗೆ ಕಾರ್ಖಾನೆಯ ಧೂಳು. ಸಂಡೂರಿನವರಿಗೆ ಅದಿರಿನ ಕೆಂಪು ಧೂಳು. ಶಕ್ತಿನಗರ, ಕುಡತಿನಿಯವರಿಗೆ ಕಲ್ಲಿದ್ದಲ ಬೂದಿ. ಧೂಳು ಗೋಡೆಯನ್ನು ಸೊಟ್ಟ ಮಾಡುವುದಿಲ್ಲ. ಆದರೆ ಒಳಪದರವನ್ನು ಊದಿಸುತ್ತದೆ. ಗೋಡೆ ವಾಲಿ ಮೊದಲೇ ಇಕ್ಕಟ್ಟಾದ ಸಂದಿಯಲ್ಲಿ ಪದರವೂ ಊದಿದರೆ ಉಸಿರಿಗೆ ಜಾಗ ಎಲ್ಲಿ?

ನಮ್ಮ ನಾಲ್ಕು ವರ್ಷ ಹೋದದ್ದು ಇಲ್ಲೇ. ಎಷ್ಟು ಗೋಡೆಯದು, ಎಷ್ಟು ಊತದ್ದು ಅಂತ ಬೇರೆ ಮಾಡದೆ ಆಪರೇಷನ್ ಬಗ್ಗೆ ಮಾತಾಡಲೇಬಾರದು. ಆಪರೇಷನ್ ಗೋಡೆಯನ್ನು ನೆಟ್ಟಗೆ ಮಾಡುತ್ತದೆ. ಅಲರ್ಜಿಯನ್ನು ತೆಗೆಯುವುದಿಲ್ಲ.

ಕೊನೆಗೆ ನಾವು ಒಬ್ಬ ಇಎನ್‌ಟಿ ಡಾಕ್ಟರ ಹತ್ತಿರ ಹೋದೆವು. ಅವರು ತೆಳುವಾದ ಕ್ಯಾಮೆರಾ ಕೊಳವೆಯನ್ನು ಮೂಗಿನೊಳಗೆ ಬಿಟ್ಟು ತೋರಿಸಿದರು. ಟಿವಿಯಲ್ಲಿ ಬಲಗಡೆ ದೊಡ್ಡ ಗವಿಯ ಹಾಗೆ ಕಂಡಿತು. ಎಡಗಡೆ ಗೋಡೆ ಬಂದು ಪಕ್ಕದ ಮಡಿಕೆಗೆ ತಾಗಿಕೊಂಡಿತ್ತು, ನಡುವೆ ಒಂದು ಕೂದಲಿನಷ್ಟು ಸಂದಿ. ಆಗ ಅವಳಿಗೆ 14 ವರ್ಷ. ನಾನು "ಆಪರೇಷನ್ ಯಾವಾಗ ಸರ್?" ಅಂದೆ. ಅವರು "ಈಗಲ್ಲ" ಅಂದರು.

ಅವರು ಕೊಟ್ಟ ಕಾರಣ ಇದು. ಆ ಮೆದು ಎಲುಬು ಬೆಳೆಯುವ ಜಾಗ. ಮೂಗು ಎತ್ತರಕ್ಕೆ, ಮುಂದಕ್ಕೆ ಬೆಳೆಯುವುದು ಅದರ ಆಸರೆಯಿಂದ. ಬೆಳೆಯುವ ವಯಸ್ಸಿನಲ್ಲಿ ಅಲ್ಲಿ ಜಾಸ್ತಿ ಕೈಯಾಡಿಸಿದರೆ ಮೂಗಿನ ಬೆಳವಣಿಗೆಗೆ ಪೆಟ್ಟು ಬೀಳಬಹುದು. ಹುಡುಗಿಯರ ಬೆಳವಣಿಗೆ ಬೇಗ ಮುಗಿಯುತ್ತದೆ, ಹುಡುಗರದು ತಡ. ಅದಕ್ಕೇ ಎಷ್ಟೋ ವೈದ್ಯರು ಹುಡುಗಿಯರಿಗೆ 15, 16 ಆಗಲಿ, ಹುಡುಗರಿಗೆ 16, 17 ಆಗಲಿ ಅಂತ ಕಾಯುತ್ತಾರೆ. ಉಸಿರು ತೀರಾ ಕಟ್ಟಿದ ಮಕ್ಕಳಿಗೆ ಅದಕ್ಕೂ ಮುಂಚೆ, ಎಲುಬನ್ನು ಆದಷ್ಟು ಉಳಿಸಿಕೊಂಡು ಮಾಡುವುದೂ ಇದೆ. ವಯಸ್ಸಿನ ಲೆಕ್ಕ ಒಂದೇ ಸಾಲದು, ಆ ಮಗುವಿನ ಮೂಗು ನೋಡಿಯೇ ತೀರ್ಮಾನ.

ಕಾಯುವುದು ಅಂದರೆ ಸುಮ್ನೆ ಕೂರುವುದಲ್ಲ. ಹನಿಗಳನ್ನು ನಿಲ್ಲಿಸಿದರು. ಮೂಗಿಗೆ ಸ್ಟಿರಾಯ್ಡ್ ಸ್ಪ್ರೇ ಬರೆದುಕೊಟ್ಟರು. ಸ್ಟಿರಾಯ್ಡ್ ಅಂದ ಕೂಡಲೇ ನನ್ನ ಎದೆ ಧಸಕ್ ಅಂದಿತು. ಅದು ತೀರಾ ಸಣ್ಣ ಪ್ರಮಾಣ, ಮೂಗಿನ ಪದರದಲ್ಲೇ ಕೆಲಸ ಮಾಡುತ್ತದೆ, ಮೈಗೆ ಸೇರುವುದು ಬಹಳ ಕಡಿಮೆ ಅಂತ ತಿಳಿಸಿ ಹೇಳಿದರು. ಇದು ಡ್ರಾಪ್ಸಿನ ಹಾಗೆ ಐದು ನಿಮಿಷದಲ್ಲಿ ಮೂಗು ಬಿಡಿಸುವುದಿಲ್ಲ. ಒಂದೆರಡು ವಾರ ದಿನವೂ ಬಿಡದೆ ಹಾಕಿದರೆ ಗುಣ ಕಾಣುತ್ತದೆ. ಹಾಕುವ ರೀತಿಯೂ ಇದೆ. ತಲೆ ಸ್ವಲ್ಪ ಬಗ್ಗಿಸಬೇಕು. ಎಡ ಹೊಳ್ಳೆಗೆ ಬಲಗೈ, ಬಲ ಹೊಳ್ಳೆಗೆ ಎಡಗೈ. ತುದಿ ನಡುಗೋಡೆಯ ಕಡೆ ಇರಬಾರದು, ಅದೇ ಕಡೆಯ ಕಣ್ಣಿನ ಹೊರ ಅಂಚಿನ ಕಡೆ ಇರಬೇಕು. ಗೋಡೆಗೇ ಹೊಡೆದರೆ ಅದು ಒಣಗಿ ರಕ್ತ ಬರುತ್ತದೆ. ಜೊತೆಗೆ ಉಪ್ಪುನೀರಿನಲ್ಲಿ ಮೂಗು ತೊಳೆಯುವುದು. ಜಲನೇತಿ ಗೊತ್ತಿದ್ದವರಿಗೆ ಹೊಸದೇನಲ್ಲ. ಆದರೆ ನಲ್ಲಿ ನೀರು, ಬೋರ್ ನೀರು ನೇರವಾಗಿ ಮೂಗಿಗೆ ಹಾಕಬೇಡಿ. ಕುದಿಸಿ ಆರಿಸಿದ್ದೇ ಆಗಬೇಕು.

ನಮ್ಮ ಓಣಿಯ ಒಬ್ಬ ಹುಡುಗನಿಗೆ ಇಷ್ಟರಲ್ಲೇ ಮುಗಿಯಿತು. ಅವನ ಗೋಡೆ ಇವತ್ತಿಗೂ ಸೊಟ್ಟ ಇದೆ, ಉಸಿರು ಸಲೀಸು. ನಮ್ಮ ಮಗಳಿಗೆ ಬಲಗಡೆ ಪೂರ್ತಿ ಬಿಟ್ಟಿತು, ಎಡಗಡೆ ಬಿಡಲಿಲ್ಲ. ಆಗ ಗೊತ್ತಾಯಿತು, ಉಳಿದದ್ದು ಗೋಡೆಯದು.

16 ತುಂಬಿದಾಗ ಮತ್ತೆ ಹೋದೆವು. ಡಾಕ್ಟರು "ಏನು ತೊಂದರೆ?" ಅಂದರು. ನಾನು ಬಾಯಿ ತೆರೆದೆ. ಗೊರಕೆ, ಓದುವಾಗ ತೂಕಡಿಕೆ, ಎಲ್ಲ ಹೇಳಲು ಸಿದ್ಧ ಇದ್ದೆ. ಅವರು ಕೈ ತೋರಿಸಿ ನನ್ನನ್ನು ನಿಲ್ಲಿಸಿದರು. "ಅವಳು ಹೇಳಲಿ ಅಮ್ಮ" ಅಂದರು. ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಹೇಳಿದಳು, "ಊಟ ಮಾಡುವಾಗ ಬಾಯಿ ಮುಚ್ಚಿದರೆ ಉಸಿರು ಕಟ್ಟುತ್ತೆ ಸರ್. ಬಾಯಿ ತೆರೆದು ಅಗಿದರೆ ಸಪ್ಪಳ ಬರುತ್ತೆ. ಅದಕ್ಕೆ ಕಾಲೇಜಿನಲ್ಲಿ ನಾನು ಒಬ್ಬಳೇ ಡಬ್ಬಿ ತಿಂತೀನಿ."

ದಿನಾ ಬೆಳಿಗ್ಗೆ ಆ ಡಬ್ಬಿಗೆ ರೊಟ್ಟಿ, ಪಲ್ಯ ಕಟ್ಟಿದವಳು ನಾನು. ಸಂಜೆ ಅದನ್ನು ತೊಳೆದವಳೂ ನಾನೇ. ಅವಳು ಅದನ್ನು ಎಲ್ಲಿ ಕೂತು, ಯಾರ ಜೊತೆ ತಿಂತಾಳೆ ಅಂತ ಒಂದು ದಿನವೂ ಕೇಳಿರಲಿಲ್ಲ. ಅದು ನನ್ನನ್ನು ಈಗಲೂ ಕಾಡುತ್ತದೆ. ಗೊರಕೆ ನಮಗೆ ಕೇಳಿಸುತ್ತದೆ, ಅದಕ್ಕೇ ನಾವು ಗೊರಕೆಯ ಬಗ್ಗೆ ಮಾತಾಡುತ್ತೇವೆ. ಮಕ್ಕಳ ಕಷ್ಟ ಬೇರೆಯೇ ಇರುತ್ತದೆ. ದಯವಿಟ್ಟು ಅವರನ್ನೇ ಕೇಳಿ. ಬೈದು ಕೇಳಬೇಡಿ, ಜೊತೆಗೆ ಕೂತು ಕೇಳಿ.

ಮನೆಯಲ್ಲಿ ದೊಡ್ಡ ಚರ್ಚೆ ನಡೆದದ್ದು ಉಸಿರಿನ ಬಗ್ಗೆ ಅಲ್ಲ, ಮೂಗಿನ ಅಂದದ ಬಗ್ಗೆ. "ನಾಳೆ ಮದುವೆ ಆಗೋ ಹುಡುಗಿ, ಮೂಗು ಕುಸಿದರ ಏನು ಗತಿ?" ಅಂದರು ನೆಂಟರು. ಈ ಹೆದರಿಕೆಗೆ ಬುಡವೇ ಇಲ್ಲ ಅಂತ ನಾನು ಹೇಳುವುದಿಲ್ಲ. 1902ರಲ್ಲಿ ಅಮೆರಿಕದ ಫ್ರೀಯರ್, 1904ರಲ್ಲಿ ಜರ್ಮನಿಯ ಕಿಲಿಯನ್ ಈ ಗೋಡೆಯ ಆಪರೇಷನ್ನಿಗೆ ಒಂದು ಪದ್ಧತಿ ಹಾಕಿಕೊಟ್ಟರು. ಒಳಪದರ ಎತ್ತಿ, ಸೊಟ್ಟಗಿನ ಎಲುಬನ್ನು ದೊಡ್ಡದಾಗಿ ತೆಗೆದುಬಿಡುವುದು. ಆಸರೆ ಕಡಿಮೆಯಾಗಿ ಕೆಲವರ ಮೂಗು ಕುಸಿಯುತ್ತಿತ್ತು. ಮುಂದೆ ಅಮೆರಿಕದ ವೈದ್ಯ ಕಾಟಲ್ ಅವರ ಕಾಲದಿಂದ ಉಳಿಸಿಕೊಂಡು ಸರಿ ಮಾಡುವ ಕ್ರಮ ಬಂತು. ಅದೇ ಈಗಿನ ಸೆಪ್ಟೋಪ್ಲಾಸ್ಟಿ. ಮೇಲ್ಗಡೆ ಮತ್ತು ಮುಂಗಡೆ ಸುಮಾರು ಒಂದು ಸೆಂಟಿಮೀಟರ್ ಅಗಲದ ಪಟ್ಟಿಯನ್ನು ತೊಲೆ, ಕಂಬದ ಹಾಗೆ ಬಿಡುತ್ತಾರೆ. ಸೊಟ್ಟ ಇರುವಷ್ಟನ್ನು ಮಾತ್ರ ತೆಗೆಯುವುದು, ಇಲ್ಲವೇ ನೆಟ್ಟಗೆ ಮಾಡಿ ಕೂರಿಸುವುದು. ಕೊಯ್ಯುವುದು ಮೂಗಿನ ಒಳಗಿನಿಂದಲೇ, ಹೊರಗೆ ಗಾಯದ ಗುರುತು ಇರುವುದಿಲ್ಲ. ಹೊರಗಿನ ಆಕಾರ ಬದಲಿಸುವ ಆಪರೇಷನ್ ಬೇರೆ, ಇದು ಬೇರೆ.

ಅತ್ತೆಯವರ ಚಿಂತೆ ಇನ್ನೊಂದು. ಮುಗುತಿ. ಮೊಮ್ಮಗಳಿಗೆ ಐದು ವರ್ಷ ಇದ್ದಾಗ ಅವರೇ ಕೂಡಿಸಿಕೊಂಡು ಚುಚ್ಚಿಸಿದ್ದು. "ತೂತು ಮುಚ್ಚಿ ಹೋಗ್ತದ" ಅಂತ ಕಣ್ಣೀರು ಹಾಕಿದರು. ಆ ತೂತು ಇರುವುದು ಹೊಳ್ಳೆಯ ಹೊರಗೋಡೆಯಲ್ಲಿ, ಆಪರೇಷನ್ ನಡುಗೋಡೆಗೆ. ಆದರೂ ಆಪರೇಷನ್ ಹೊತ್ತಿಗೆ ಮೈಮೇಲೆ ಲೋಹ ಇರುವಂತಿಲ್ಲ. ಹಿಂದಿನ ರಾತ್ರಿ ಅತ್ತೆಯವರೇ ಕೊಬ್ಬರಿ ಎಣ್ಣೆ ಸವರಿ, ತಿರುಪನ್ನು ಉಗುರಿನಿಂದ ಮೆಲ್ಲಗೆ ಬಿಚ್ಚಿದರು. ಕೆಂಪು ಹರಳಿನ ಮುಗುತಿ. ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಮರುದಿನ ಆಸ್ಪತ್ರೆಯ ಬೆಂಚಿನ ಮೇಲೆ ಆ ಗಂಟು ಹಿಡಿದೇ ಕೂತಿದ್ದರು.

ಯಾವಾಗ ಮಾಡಿಸುವುದು ಅಂತಲೂ ಯೋಚಿಸಿ. ಹತ್ತನೇ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್, ಮೇ ರಜೆ ಸಿಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನಮ್ಮ ರಾಯಚೂರು, ಕೊಪ್ಪಳ, ಬಳ್ಳಾರಿಯ ಬೇಸಿಗೆ ನಿಮಗೆ ಗೊತ್ತೇ ಇದೆ. ಒಣ ಬಿಸಿಗಾಳಿಗೆ ಚೆನ್ನಾಗಿರುವ ಮೂಗಿನಲ್ಲೇ ಹೆಕ್ಕಳೆ ಕಟ್ಟಿ ರಕ್ತ ಬರುತ್ತದೆ. ನವೆಂಬರಿನಿಂದ ಭತ್ತದ ಕೊಯ್ಲು, ಮಷಿನ್ ಧೂಳು. ಅದಕ್ಕೇ ನಾವು ದಸರಾ ರಜೆಗೆ ಮಾಡಿಸಿದೆವು. ಡಾಕ್ಟರು ಒಪ್ಪಿದರು. ನಿಮ್ಮ ಊರಿನ ಗಾಳಿ ನೋಡಿಕೊಂಡು ನಿಮ್ಮ ಡಾಕ್ಟರ ಹತ್ತಿರ ಮಾತಾಡಿ.

ಆ ದಿನದ ಬಗ್ಗೆ ಹೇಳುತ್ತೇನೆ. ಪೂರ್ತಿ ಅರಿವಳಿಕೆ ಕೊಡುವುದರಿಂದ ಹೊಟ್ಟೆ ಖಾಲಿ ಇರಬೇಕು. ಪಾಪ ಅಂತ ಯಾರೂ ಒಂದು ಗುಟುಕು ಚಹಾ ಕುಡಿಸಬಾರದು, ಹಾಲಂತೂ ಬೇಡವೇ ಬೇಡ. ಆಪರೇಷನ್ ಒಂದು ತಾಸಿನ ಆಸುಪಾಸು. ಹೊರಗೆ ಬಂದಾಗ ಎರಡೂ ಹೊಳ್ಳೆಗೆ ಗಾಜ್ ಬಟ್ಟೆ ತುಂಬಿದ್ದರು, ಅದನ್ನು ಪ್ಯಾಕ್ ಅಂತಾರೆ. ಕೆಲವರು ಪ್ಯಾಕ್ ಇಲ್ಲದೆ ಒಳಗೇ ಹೊಲಿಗೆ ಹಾಕುತ್ತಾರೆ, ಕೆಲವರು ಮೆತ್ತನೆಯ ಸಿಲಿಕೋನ್ ಹಾಳೆ ಇಟ್ಟು ವಾರದ ಮೇಲೆ ತೆಗೆಯುತ್ತಾರೆ. ಯಾವುದು ಅಂತ ಮೊದಲೇ ಕೇಳಿ, ಮಗುವಿಗೂ ಹೇಳಿ. ಎಚ್ಚರವಾದ ಮೇಲೆ ಒಂದು ಸಲ ಕಪ್ಪಾಗಿ ವಾಂತಿ ಆಯಿತು. ನಾನು ಕಿರುಚಿಬಿಟ್ಟೆ. ಅದು ಆಪರೇಷನ್ನಿನಲ್ಲಿ ಹೊಟ್ಟೆಗೆ ಇಳಿದ ರಕ್ತ, ಒಮ್ಮೆ ಹೊರಗೆ ಬರಬಹುದು ಅಂತ ನರ್ಸ್ ಸಮಾಧಾನ ಮಾಡಿದರು. ಮೊದಲೇ ಗೊತ್ತಿದ್ದರೆ ಅಷ್ಟು ಹೆದರುತ್ತಿರಲಿಲ್ಲ. ಕೆಂಪು ರಕ್ತ ಒಂದೇ ಸಮನೆ ಬರುತ್ತಿದ್ದರೆ ಮಾತ್ರ ಕೂಡಲೇ ಕರೆಯಬೇಕು.

ಆ ರಾತ್ರಿ ಕಷ್ಟದ್ದು. ಪೂರ್ತಿ ಬಾಯಿಯಿಂದಲೇ ಉಸಿರು. ನುಂಗಿದರೆ ಕಿವಿ ಕಟ್ಟುತ್ತದೆ. ಎರಡು ದಿಂಬು ಇಟ್ಟು ತಲೆ ಎತ್ತರ ಮಾಡಿದೆವು. ತುಟಿ ಒಡೆಯದ ಹಾಗೆ ತುಪ್ಪ ಸವರುತ್ತಿದ್ದೆ. ಚಮಚದಲ್ಲಿ ನೀರು ಹಾಕುತ್ತಿದ್ದೆ. ಎರಡನೇ ದಿನ ಪ್ಯಾಕ್ ತೆಗೆದರು. ಮಗಳು ನನ್ನ ಮಣಿಕಟ್ಟು ಹಿಡಿದಿದ್ದಳು. ರಿಬ್ಬನ್ ಹಾಗೆ ಬಟ್ಟೆ ಬರುತ್ತಲೇ ಇತ್ತು, ಇಷ್ಟು ಚಿಕ್ಕ ಮೂಗಿನಲ್ಲಿ ಇಷ್ಟುದ್ದ ಎಲ್ಲಿತ್ತೋ ಅನಿಸಿತು. ಅವಳ ಉಗುರಿನ ಗುರುತು ನನ್ನ ಕೈಮೇಲೆ ಎರಡು ದಿನ ಇತ್ತು. ಒಂದು ನಿಮಿಷದ ನೋವು, ಅಷ್ಟೇ. ಆಮೇಲೆ ಮಂಜುಗಡ್ಡೆ ಕಟ್ಟಿದ ಬಟ್ಟೆ ಇಟ್ಟರು.

ಮನೆಗೆ ಬಂದ ಮೇಲೆ ಸಿಂಬಳವನ್ನು ಜೋರಾಗಿ ಊದಿ ತೆಗೆಯುವ ಹಾಗಿಲ್ಲ, ಎರಡು ವಾರ. ಸೀನು ಬಂದರೆ ಬಾಯಿ ತೆರೆದು ಸೀನಬೇಕು. ನಮ್ಮ ಅಡುಗೆಮನೆ ಗೊತ್ತಲ್ಲ, ಒಗ್ಗರಣೆಯ ಘಾಟಿಗೆ ಇಡೀ ಮನೆ ಸೀನುತ್ತದೆ. ಹತ್ತು ದಿನ ಒಣಮೆಣಸಿನಕಾಯಿ ಒಗ್ಗರಣೆ ಬಂದ್ ಮಾಡಿದೆವು. ಮಂಡಕ್ಕಿ, ಮಿರ್ಚಿ ಅಂತ ಅವಳು ಗೋಳಾಡಿದಳು. ಬಿಸಿ ಆರಿದ ಮೆತ್ತನೆ ಅನ್ನ, ಸಪ್ಪನೆ ಬೇಳೆ ಕೊಟ್ಟೆ. ಭಾರ ಎತ್ತುವುದು, ಬಗ್ಗಿ ಕಸ ಗುಡಿಸುವುದು ಬೇಡ ಅಂದಿದ್ದರು. ನೋವಿಗೆ ಡಾಕ್ಟರು ಬರೆದದ್ದೇ ಕೊಡಿ. ಆಸ್ಪಿರಿನ್, ಐಬುಪ್ರೊಫೆನ್ ಅಂಥ ಮಾತ್ರೆ ನಾವಾಗೇ ಕೊಟ್ಟರೆ ರಕ್ತ ಜಾಸ್ತಿ ಬರಬಹುದು. ಆಟ ಒಂದೂವರೆ ತಿಂಗಳು ಇಲ್ಲ.

ಒಂದು ಮಾತು ಮಗುವಿಗೆ ಮೊದಲೇ ಹೇಳಿಡಿ. ಆಪರೇಷನ್ ಆದ ಮರುದಿನ ಉಸಿರು ಸಲೀಸಾಗುವುದಿಲ್ಲ. ಒಳಗೆ ಊತ, ಹೆಕ್ಕಳೆ. ಎರಡು ವಾರ ಮೊದಲಿಗಿಂತ ಜಾಸ್ತಿ ಕಟ್ಟಿದ ಹಾಗಿರುತ್ತದೆ. "ಸುಮ್ನೆ ಮಾಡಿಸಿದೆ ಅಮ್ಮಾ" ಅಂತ ಅವಳು ಅತ್ತದ್ದು ಒಂಬತ್ತನೇ ದಿನ. ಪೂರ್ತಿ ಹದಕ್ಕೆ ಬರಲು ಕೆಲವು ತಿಂಗಳೇ ಬೇಕು. ಅಪಾಯಗಳನ್ನೂ ಕೇಳಿ ತಿಳಿದುಕೊಳ್ಳಿ. ರಕ್ತಸ್ರಾವ, ಸೋಂಕು, ಗೋಡೆಯಲ್ಲಿ ತೂತು, ಒಳಗಡೆ ಅಂಟಿಕೊಳ್ಳುವುದು, ಮೇಲಿನ ಹಲ್ಲಿಗೆ ಕೆಲವು ದಿನ ಜೋಮು, ಕೆಲವರಿಗೆ ಮತ್ತೆ ಸೊಟ್ಟ ಆಗುವುದು. ಇವು ಎಲ್ಲರಿಗೂ ಆಗುವುದಿಲ್ಲ, ಆದರೆ ಸಹಿ ಹಾಕುವ ಮುಂಚೆ ಗೊತ್ತಿರಬೇಕು.

ಖರ್ಚಿನ ಬಗ್ಗೆ. ಬಳ್ಳಾರಿಯಲ್ಲಿ ಮೊದಲು ವಿಮ್ಸ್ ಅಂತಿದ್ದ ಬಿಎಂಸಿಆರ್‌ಸಿ, ರಾಯಚೂರಿನಲ್ಲಿ ರಿಮ್ಸ್, ಕೊಪ್ಪಳದಲ್ಲಿ ಕಿಮ್ಸ್ ಇವೆ. ಮೂರೂ ಸರ್ಕಾರಿ ಮೆಡಿಕಲ್ ಕಾಲೇಜುಗಳು, ಕಿವಿ ಮೂಗು ಗಂಟಲಿನ ವಿಭಾಗ ಇದೆ. 2018ರಿಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ. ರೇಷನ್ ಕಾರ್ಡ್, ಆಧಾರ್ ಹಿಡಿದುಕೊಂಡು ಮೊದಲು ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರ ಹತ್ತಿರ ಹೋಗಿ, ಸಾಲದವರ ಹತ್ತಿರ ಆಮೇಲೆ.

ಈಗ ಮಗಳಿಗೆ ಎಡಗಡೆಯೂ ಉಸಿರು ಬರುತ್ತದೆ. ಡಬ್ಬಿಯನ್ನು ಗೆಳತಿಯರ ಜೊತೆ ತಿನ್ನುತ್ತಾಳೆ. ಈಗ ನಾನು ದಿನಾ ಕೇಳುತ್ತೇನೆ. ಕೊಯ್ಲಿನ ಕಾಲಕ್ಕೆ ಸೀನು ಬಂದೇ ಬರುತ್ತದೆ, ಆಗ ಸ್ಪ್ರೇ ಹಾಕುತ್ತಾಳೆ. ಮುಗುತಿ ಡಾಕ್ಟರು ಹೂಂ ಅಂದ ಮೇಲೆ ಮತ್ತೆ ಮೂಗಿಗೆ ಬಂತು. ತೂತು ಮುಚ್ಚಿರಲಿಲ್ಲ.

ಇಷ್ಟು ಹೇಳಿ ಪ್ರಶ್ನೆ ಇದ್ದರೆ ಕೇಳಿ ಅಂದೆ. ಹಿಂದಿನ ಸಾಲಿನಿಂದ ಒಬ್ಬರು ಎದ್ದರು. "ಅಕ್ಕೋರೆ, ನಮ್ಮ ಹುಡುಗಗ ನಿನ್ನೆ ಸಂಜಿ ಕ್ರಿಕೆಟ್ ಬಾಲ್ ಮೂಗಿಗೆ ಬಡೀತು. ರಕ್ತ ನಿಂತೈತಿ. ಇವತ್ತು ಎರಡೂ ಕಡೆ ಮೂಗು ಕಟ್ಟೈತಿ ಅಂತಾನ. ಇನ್ನೊಂದು ನಾಲ್ಕು ದಿನ ನೋಡಿ ತೋರಿಸಿದರ ನಡಿತೈತೇನ್ರಿ?"

ನಡೆಯುವುದಿಲ್ಲ ಅಂದೆ. ಪೆಟ್ಟಾದ ಮೂಗು ಮರುದಿನ ಎರಡೂ ಕಡೆ ಕಟ್ಟಿ, ನೋವು ಏರುತ್ತಿದ್ದರೆ, ನಡುಗೋಡೆಯ ಎಲುಬು ಮತ್ತು ಅದರ ಪದರದ ನಡುವೆ ರಕ್ತ ನಿಂತಿರಬಹುದು. ಆ ಮೆದು ಎಲುಬಿಗೆ ತನ್ನದೇ ರಕ್ತನಾಳ ಇಲ್ಲ, ಪದರದಿಂದಲೇ ಅದರ ಊಟ. ರಕ್ತ ಪದರವನ್ನು ದೂರ ತಳ್ಳಿದರೆ ಎರಡು ಮೂರು ದಿನದಲ್ಲಿ ಎಲುಬು ಸಾಯತೊಡಗುತ್ತದೆ, ಕೀವಾಗುತ್ತದೆ, ಮೂಗು ಕುಸಿಯುತ್ತದೆ. ಇದಕ್ಕೆ ವಯಸ್ಸು ಕಾಯುವ ಮಾತಿಲ್ಲ. ಚಿಕ್ಕ ಕೊಯ್ತ ಹಾಕಿ ಅವತ್ತೇ ರಕ್ತ ಹೊರಗೆ ತೆಗೆಯಬೇಕು.

ಹುಡುಗ ಹೊರಗೆ ಮೈದಾನದಲ್ಲಿದ್ದ. ಕರೆದುಕೊಂಡು ಬಂದರು. ಬಾಯಿ ತೆರೆದು ಉಸಿರಾಡುತ್ತಿದ್ದ. ಕಿಟಕಿಯ ಹತ್ತಿರ ನಿಲ್ಲಿಸಿ, ಫೋನಿನ ಟಾರ್ಚ್ ಹಾಕಿ ನೋಡಿದೆವು. ಎರಡೂ ಹೊಳ್ಳೆಯಲ್ಲಿ ನಡುವಿನಿಂದ ಕೆಂಪು ನೇರಳೆ ಬಣ್ಣದ ಉಬ್ಬು. ನೇರಳೆ ಹಣ್ಣಿನ ಸಿಪ್ಪೆಯ ಹಾಗೆ ನುಣ್ಣಗಿತ್ತು. ಡಾಕ್ಟರಲ್ಲದ ನನಗೂ ಅದು ಸರಿಯಿಲ್ಲ ಅಂತ ಕಂಡಿತು. "ಈಗಲೇ ಕೊಪ್ಪಳಕ್ಕೆ ಹೊರಡಿ, ತುರ್ತು ವಿಭಾಗದಲ್ಲಿ ಮೂಗಿನ ಪೆಟ್ಟು ಅಂತ ಹೇಳಿ. ದಾರಿಯಲ್ಲಿ ಏನೂ ತಿನ್ನಿಸಬೇಡಿ" ಅಂದೆ. ಯಾರೋ ಆಗಲೇ ಗಾಡಿ ಶುರು ಮಾಡಿದ್ದರು. ಅವರು ಮಗನ ಹೆಗಲ ಮೇಲೆ ಕೈ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಮೆಟ್ಟಿಲು ಇಳಿದು ಹೋದರು.